ಅಂಗಡಿ ಕಸದ ಚಿನ್ನ, ಅಪ್ಪನ ಕೈ

ನಮ್ಮದು ಗದಗ ಕಡೆಯ ಪತ್ತಾರರ, ಅಂದರೆ ಅಕ್ಕಸಾಲಿಗರ ಮನೆ. ಕೆಲಸದ ಜಾಗದ ಕಸ ನಾವು ಚೆಲ್ಲುವುದಿಲ್ಲ. ಅರದ ಪುಡಿ, ಹರಿದ ಚಾಪೆ, ಕೈ ಒರೆಸಿದ ಬಟ್ಟೆ ಎಲ್ಲ ಡಬ್ಬಿಗೆ. ವರ್ಷಕ್ಕೊಮ್ಮೆ ಸುಟ್ಟು, ಬೂದಿ ತೊಳೆದು, ಪಾದರಸ ಹಾಕಿ ಬರಿಗೈಯಲ್ಲಿ ತಿಕ್ಕುತ್ತಿದ್ದೆವು. ಬಟ್ಟೆಯಲ್ಲಿ ಹಿಂಡಿದರೆ ಬೆಣ್ಣೆಯಂಥ ಬಿಳಿ ಉಂಡೆ. ಕಾಯಿಸಿದರೆ ಪಾದರಸ ಹಾರಿ ಚಿನ್ನ ಉಳಿಯುತ್ತದೆ. ಅಪ್ಪ ಕಾಯಿಸುತ್ತಿದ್ದದ್ದು ಅಡುಗೆಮನೆ ಒಲೆಯ ಮೇಲೆ, ಅನ್ನದ ಪಾತ್ರೆಯ ಪಕ್ಕದಲ್ಲಿ.

ಒಮ್ಮೆ ಉಂಡೆ ಹಿಂಡುವಾಗ ಅವ್ವನ ಬಳೆ ಬೆಳ್ಳಗಾಯಿತು. ಅಪ್ಪ ನಗುತ್ತಾ ಅದನ್ನೂ ಕಾಯಿಸಿ ಹಳದಿ ಮಾಡಿಕೊಟ್ಟರು. ಆ ಬಿಳುಪು ಎಲ್ಲಿಗೆ ಹೋಯ್ತು ಅಂತ ಯಾರೂ ಕೇಳಲಿಲ್ಲ.

55 ದಾಟಿದ ಮೇಲೆ ಅಪ್ಪನಿಗೆ ಕೈ ನಡುಕ. ಚಿಮಟದಲ್ಲಿ ಸರದ ಕೊಂಡಿ ನಿಲ್ಲುತ್ತಿರಲಿಲ್ಲ. ವಸಡಿನಲ್ಲಿ ರಕ್ತ, ಸುಮ್ಸುಮ್ನೆ ಸಿಟ್ಟು. ಮೊದಲು ತೋರಿಸಿದ ಡಾಕ್ಟರು "ಕುಡೀತೀರೇನು?" ಅಂದರು! ಎರಡನೆಯವರು ಏನು ಕೆಲಸ ಅಂತ ಕೇಳಿ, 24 ಗಂಟೆಯ ಮೂತ್ರ ಪರೀಕ್ಷೆಗೆ ಬರೆದರು. ಪಾದರಸ ಜಾಸ್ತಿ ಇತ್ತು.

ಮುಟ್ಟಿದರೆ ಅಪಾಯ ಅಂತ ನಾನು ತಿಳಿದಿದ್ದೆ. ಅದಕ್ಕಿಂತ ಕೆಟ್ಟದ್ದು ಉಸಿರು. ಒಳಗೆಳೆದ ಆವಿಯಲ್ಲಿ ಶೇಕಡಾ 80ರಷ್ಟು ಮೈಗೆ ಸೇರುತ್ತದೆ. ಮಿದುಳು, ಕಿಡ್ನಿ ಎರಡಕ್ಕೂ ಪೆಟ್ಟು. ಅಪ್ಪ ಒಪ್ಪಲಿಲ್ಲ. "ವಾಸನೀನೇ ಇಲ್ಲ, ಅದರಾಗ ಎಂಥಾ ವಿಷಾನೋ?"

ಘಾನಾ, ಪೆರು, ಇಂಡೊನೇಷ್ಯಾದ ಸಣ್ಣ ಗಣಿಗಳಲ್ಲೂ ಇದೇ ಬಾಣಲೆ, ಇದೇ ಉಂಡೆ. ಜಗತ್ತಿನಲ್ಲಿ 1 ಕೋಟಿಗೂ ಹೆಚ್ಚು ಜನ ಇಂಥ ಗಣಿಗಳಲ್ಲಿ ದುಡಿಯುತ್ತಾರೆ. ಆದರೆ ಫಿಲಿಪ್ಪೀನ್ಸಿನ ಬೆಂಗೆಟ್‌ನಲ್ಲಿ ಪಾದರಸ ಇಲ್ಲದೆ, ಬಿಳಿಗಾರ (ಬೊರಾಕ್ಸ್) ಹಾಕಿ ಚಿನ್ನ ಕರಗಿಸುವವರಿದ್ದಾರೆ ಅಂತ ಓದಿದಾಗ ನಗು ಬಂತು. ಬೆಸುಗೆಗೆ ಅಂತ ಅದು ನಮ್ಮ ಪೆಟ್ಟಿಗೆಯಲ್ಲೇ ಇತ್ತಲ್ವಾ!

ಆ ವರ್ಷದ ಬೂದಿಯನ್ನು ತೂಗಿ ಎರಡು ಪಾಲು ಮಾಡಿದೆ. ಅಪ್ಪನ ಪಾಲಿಗೆ ಪಾದರಸ, ಹಿತ್ತಲಲ್ಲಿ. ನನ್ನ ಪಾಲಿನ ಕಬ್ಬಿಣದ ಪುಡಿಯನ್ನು ಆಯಸ್ಕಾಂತದಿಂದ ತೆಗೆದು, ನಾಲ್ಕು ಸಲ ತೊಳೆದೆ. ಈ ತೊಳೆತದಲ್ಲೇ ಇರೋದು ಎಲ್ಲಾ. ಅವಸರ ಮಾಡಿದರೆ ಚಿನ್ನ ನೀರುಪಾಲು. ಉಳಿದದ್ದಕ್ಕೆ ಬಿಳಿಗಾರ ಬೆರೆಸಿ ಮೂಸೆಯಲ್ಲಿ ಕಾಯಿಸಿದೆ. ಕಿಟ್ಟ ಗಾಜಿನ ಹಾಗೆ ಮೇಲೆ ನಿಂತಿತು, ತಳದಲ್ಲಿ ಹೆಸರುಕಾಳಿನಷ್ಟು ಚಿನ್ನ. ತಕ್ಕಡಿಯಲ್ಲಿ ನನ್ನದು ಒಂದು ಕೂದಲು ಜಾಸ್ತಿ. ಅಪ್ಪ ಮಾತಾಡಲಿಲ್ಲ. ಮೂರು ಸಲ ತೂಗಿ ನೋಡಿದರು.

ಆಮೇಲೆ ಅಡುಗೆಮನೆ. ರಾತ್ರಿ ಟಾರ್ಚ್ ಓರೆಯಾಗಿ ಹಿಡಿದರೆ ಕಲ್ಲಿನ ಸಂದಿಯಲ್ಲಿ ಪಾದರಸದ ಹನಿಗಳು ಮಿನುಗುತ್ತಿದ್ದವು. ಪೊರಕೆ ಹಾಕಿದರೆ ಒಡೆದು ಇನ್ನಷ್ಟು ಹರಡುತ್ತವೆ. ಕಿಟಕಿ ತೆಗೆದಿಟ್ಟು, ದಪ್ಪ ಕಾಗದದಲ್ಲಿ ಒಂದೊಂದನ್ನೇ ತಳ್ಳಿ ನೀರಿದ್ದ ಬಾಟಲಿಗೆ ಹಾಕಿದೆ. ಸಂದಿಗೆ ಸಿಮೆಂಟು ತುಂಬಿಸಿದೆ. ಆ ಬಾಟಲಿ ತೆಗೆದುಕೊಳ್ಳುವವರು ಇನ್ನೂ ಸಿಕ್ಕಿಲ್ಲ, ಮುಚ್ಚಳ ಬಿಗಿದು ಹಿತ್ತಲ ಕೋಣೆಯಲ್ಲಿ ಬೀಗ ಹಾಕಿಟ್ಟಿದ್ದೇನೆ.

ಅಪ್ಪನ ಸಿಟ್ಟು ಇಳಿದಿದೆ. ಕೈ ಸ್ವಲ್ಪ ಪರವಾಗಿಲ್ಲ. ಕೊಂಡಿ ಮಾತ್ರ ನಾನೇ ಹಾಕುತ್ತೇನೆ.