ಮೌಂಟನ್ ರೋಡ್ ಒನ್ ವೇ ಆದರೂ ಎಡಗಡೆ ಬಿಡಬೇಡಿ

ಬ್ರಿಟನ್ ಹತ್ತಿರದ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ನಡೆಯುವ ಟಿಟಿ ಬೈಕ್ ರೇಸ್ ನೋಡಲು ಹೋಗಿ ಅಲ್ಲೇ ಬೈಕ್ ಓಡಿಸುವವರು ಗಮನಿಸಿ: ರ‍್ಯಾಮ್ಸಿಯಿಂದ ಡಗ್ಲಸ್ ಕಡೆಗೆ ಹೋಗುವ ಮೌಂಟನ್ ರೋಡ್ ಆ ದಿನಗಳಲ್ಲಿ ಒನ್ ವೇ ಇರುತ್ತದೆ, ಆದರೂ ರಸ್ತೆಯ ಎಡ ಅರ್ಧದಲ್ಲೇ ಇರಿ, ಪ್ರತಿ ತಿರುವಿಗೆ ಮೊದಲು ಮಿರರ್ ನೋಡಿ. ಎದುರಿಂದ ಯಾರೂ ಬರಲ್ಲ ಅಂತ ಇಡೀ ರಸ್ತೆ ಬಳಸಿ ತಿರುಗಿಸಿದರೆ ಅಪಾಯ ಹಿಂದಿನಿಂದ ಬರುತ್ತದೆ. ಅಲ್ಲಿ ಊರಾಚೆ ಎಷ್ಟೋ ಕಡೆ ವೇಗದ ಮಿತಿಯೇ ಇಲ್ಲ, ನೀವು 90ರಲ್ಲಿ ಇದ್ದಾಗ ಇನ್ನೊಬ್ಬರು ಅದರ ಎರಡರಷ್ಟು ವೇಗದಲ್ಲಿ ಬಲಕ್ಕೆ ದಾಟಿ ಹೋಗಬಹುದು. ಅಲ್ಲೂ ನಮ್ಮ ಹಾಗೇ ಎಡಗಡೆ ಓಡಾಟ, ಹಾಗಾಗಿ ಇದು ಕಷ್ಟವಲ್ಲ. ಈ ರಸ್ತೆಯಲ್ಲಿ ಬಂಗಲೋ ಎಂಬ ಜಾಗದ ಹತ್ತಿರ ಸ್ನೇಫೆಲ್ ಬೆಟ್ಟದ ರೈಲಿನ ಹಳಿ ರಸ್ತೆಗೆ ಅಡ್ಡ ಬರುತ್ತದೆ. ಒದ್ದೆಯಾಗಿದ್ದರೆ ಎಣ್ಣೆ ಸವರಿದ ಹಾಗೆ ಜಾರುತ್ತದೆ, ಬೈಕ್ ನೆಟ್ಟಗೆ ಇಟ್ಟು, ಬ್ರೇಕ್ ಮುಟ್ಟದೆ ದಾಟಿ. ಮಂಜು ಇಳಿದರೆ ಮಾತ್ರ ಎಡಗಡೆ ಇದ್ದರೂ ಪ್ರಯೋಜನವಿಲ್ಲ, ಹಿಂದಿನವರಿಗೆ ನೀವು ಕಾಣುವುದೇ ಇಲ್ಲ. ಆಗ ಸುಮ್ನೆ ಲ್ಯಾಕ್ಸಿ ಊರಿನ ಮೂಲಕ ಹೋಗುವ ಕರಾವಳಿ ರಸ್ತೆ ಹಿಡಿಯಿರಿ, ದಯವಿಟ್ಟು. ಇನ್ನು ಮೌಂಟನ್ ರೋಡ್‌ನಲ್ಲಿ ಡಗ್ಲಸ್‌ಗೆ ಮೊದಲು ಸಿಗುವ ಕ್ರೆಗ್-ನಿ-ಬಾ ಎಂಬ ಜಾಗದ ಹತ್ತಿರ ಒನ್ ವೇ ಮುಗಿಯುವ ಬೋರ್ಡ್ ತಪ್ಪದೆ ನೋಡಿ, ಅಲ್ಲಿಂದ ಎದುರು ವಾಹನಗಳು ಶುರು.