ಕಳ್ಳತನದ ದೂರು: ಠಾಣೆಯಿಂದ ಕೋರ್ಟಿನವರೆಗೆ ನಂಬರು ಹಿಡಿದು ಹೋಗುವುದು ಹೇಗೆ

ಗೋದಾಮಿನ ಅಡಿಕೆ ರಾತ್ರೋರಾತ್ರಿ ಖಾಲಿ, ದಡದಲ್ಲಿ ಎಳೆದಿಟ್ಟ ದೋಣಿಯ ಎಂಜಿನ್ ಮಾಯ, ಬಸ್‌ಸ್ಟ್ಯಾಂಡ್ ಹತ್ತಿರ ನಿಲ್ಲಿಸಿದ ಬೈಕ್ ಕಾಣೆ. ಠಾಣೆಗೆ ಹೋಗಿ ಹೇಳಿ ಬರುವವರು ಬಹಳ. ಆರು ತಿಂಗಳ ಮೇಲೆ ಕೇಸ್ ಏನಾಯಿತೆಂದು ವಿಚಾರಿಸುವಾಗ ಕೈಯಲ್ಲಿ ಒಂದು ಚೀಟಿಯೂ ಇಲ್ಲದವರು ಅದಕ್ಕಿಂತ ಬಹಳ. ಪೊಲೀಸ್, ಕೋರ್ಟ್, ಜೈಲು, ಸರ್ಕಾರಿ ಅಭಿಯೋಜಕರು, ವಿಧಿವಿಜ್ಞಾನ ಪ್ರಯೋಗಾಲಯ, ಈ ಐದನ್ನೂ ಈಗ ಐಸಿಜೆಎಸ್ ಎಂಬ ಗಣಕ ಜಾಲ ಜೋಡಿಸುತ್ತದೆ. ನಿಮ್ಮ ಪ್ರಕರಣ ಅಲ್ಲಿ ಸಿಗಬೇಕಾದರೆ ಮೂರು ಬೇಕು: ಠಾಣೆ, ಗುನ್ನಾ ನಂಬರು (ಎಂದರೆ ಎಫ್‌ಐಆರ್ ನಂಬರು), ವರ್ಷ. ಠಾಣೆಯಲ್ಲಿ ತಪ್ಪು ಟೈಪಾದರೆ ಆ ತಪ್ಪೂ ಕೋರ್ಟಿನವರೆಗೆ ಜೊತೆಗೇ ಹೋಗುತ್ತದೆ.

ಹಾಗಾಗಿ ಹೆಚ್ಚು ಹೊತ್ತು ಕೊಡಬೇಕಾದ್ದು ದೂರಿನ ಬರಹಕ್ಕೆ. "ನಮ್ಮ ಅಡಿಕೆ ಕಳುವಾಗಿದೆ, ಹುಡುಕಿಕೊಡಿ" ಎಂದರೆ ಸಾಲದು. ಹೀಗೆ ಬರೆಯಿರಿ: "ದಿನಾಂಕ ಇಂಥದ್ದರ ರಾತ್ರಿ 10ರಿಂದ ಮರುದಿನ ಬೆಳಿಗ್ಗೆ 5-30ರ ನಡುವೆ ಯಾರೋ ಕಳ್ಳರು ಮನೆಯ ಹಿಂದಿನ ಗೋದಾಮಿನ ಬೀಗ ಮುರಿದು, ತಲಾ 65 ಕೆಜಿಯ ನಾಲ್ಕು ಚೀಲ ಚಾಲಿ ಅಡಿಕೆ, ಒಟ್ಟು 2 ಕ್ವಿಂಟಲ್ 60 ಕೆಜಿ, ಅಂದಾಜು ಬೆಲೆ ರೂ. ಇಷ್ಟು, ಕಳವು ಮಾಡಿಕೊಂಡು ಹೋಗಿರುತ್ತಾರೆ." ಚಾಲಿಯೋ (ಒಣಗಿಸಿ ಸುಲಿದ ಬಿಳಿ ಅಡಿಕೆ) ರಾಶಿಯೋ (ಬೇಯಿಸಿ ಒಣಗಿಸಿದ ಕೆಂಪಡಿಕೆ), ಚೀಲದ ಮೇಲೆ ಬಣ್ಣದ ಗುರುತಿತ್ತೋ, ಬಾಯಿ ಹೊಲಿದದ್ದು ಯಾವ ದಾರದಲ್ಲಿ, ಎಲ್ಲವೂ ಬರಲಿ. ಅಡಿಕೆಗೆ ಚಾಸಿಸ್ ನಂಬರ್ ಇರುವುದಿಲ್ಲವಲ್ಲ. ಮಾಲು ಸಿಕ್ಕಾಗ ನಿಮ್ಮದೆಂದು ತೋರಿಸಲು ಈ ಗುರುತುಗಳೇ ಆಧಾರ. ಬೈಕಿಗೆ ಆರ್‌ಸಿ ನೋಡಿ ಎಂಜಿನ್ ಮತ್ತು ಚಾಸಿಸ್ ನಂಬರು, ದೋಣಿ ಎಂಜಿನ್ನಿಗೆ ಬಿಲ್ಲಿನಲ್ಲಿರುವ ಸೀರಿಯಲ್ ನಂಬರು, ಮೊಬೈಲಿಗೆ ಡಬ್ಬಿಯ ಮೇಲಿನ ಐಎಂಇಐ.

ಬೆಲೆ ಬರೆಯುವುದನ್ನು ಮರೆಯಬೇಡಿ. ಭಾರತೀಯ ನ್ಯಾಯ ಸಂಹಿತೆಯ 303(2)ರ ಸಾದಾ ಕಳ್ಳತನದಲ್ಲಿ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಾದರೆ ಅದು ಅಸಂಜ್ಞೇಯ. ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ವಾಸದ ಮನೆ, ಮಾಲು ಇಡುವ ಗೋದಾಮಿನೊಳಗಿಂದ ಕದ್ದರೆ ಕಲಂ 305, ಏಳು ವರ್ಷದವರೆಗೆ ಶಿಕ್ಷೆ. ಅಂಗಳದಲ್ಲಿ ಹರವಿದ್ದೋ ಗೋದಾಮಿನಲ್ಲಿದ್ದದ್ದೋ ಎಂಬ ಒಂದು ಶಬ್ದದಿಂದ ಕಲಂ ಬದಲಾಗುತ್ತದೆ. ಇದ್ದದ್ದನ್ನೇ ಬರೆಯಿರಿ. ಬೆಲೆ ಉಬ್ಬಿಸಿದರೆ ಮುಂದೆ ಪಾಟೀಸವಾಲಿನಲ್ಲಿ ಆರೋಪಿಯ ವಕೀಲರು ಸೊಸೈಟಿಯ ದರಪಟ್ಟಿ ಹಿಡಿದು ನಿಲ್ಲುತ್ತಾರೆ.

ದೂರು ಕೊಟ್ಟ ಮೇಲೆ ಕೈಗೆ ಬರುವ ಕಾಗದ ಯಾವುದೆಂದು ನೋಡಿ. ಅರ್ಜಿ ಸ್ವೀಕೃತಿ ಅಥವಾ ಹಿಂಬರಹ ಬೇರೆ, ಎಫ್‌ಐಆರ್ ಬೇರೆ. ಮೇಲ್ಗಡೆ ಗುನ್ನಾ ನಂಬರು, ವರ್ಷ, ಕಲಂ ಇದ್ದರೆ ಅದು ಎಫ್‌ಐಆರ್. ಅದರ ಪ್ರತಿ ಪುಕ್ಕಟೆ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(2) ಹೇಳುತ್ತದೆ. ಇನ್ನೊಂದು ತಪ್ಪು ಪದೇಪದೇ ಆಗುವಂಥದ್ದು: ಕಳುವಾದದ್ದನ್ನು ಪೊಲೀಸರ ಆನ್‌ಲೈನ್ ಸೇವೆಯಾದ ಇ-ಲಾಸ್ಟ್‌ನಲ್ಲಿ "ಕಳೆದುಹೋಗಿದೆ" ಎಂದು ದಾಖಲಿಸಿ ಸುಮ್ಮನಾಗುವುದು. ಅದು ಬಿದ್ದುಹೋದ ಮಾರ್ಕ್ಸ್‌ಕಾರ್ಡಿಗೆ ಸರಿ. ಅದರಿಂದ ತನಿಖೆ ಶುರುವಾಗುವುದಿಲ್ಲ, ಬೈಕಿನ ವಿಮೆಯವರೂ ಒಪ್ಪುವುದಿಲ್ಲ.

ಸಹಿ ಹಾಕುವ ಮುಂಚೆ ಹೆಸರು, ಊರು, ಮೊಬೈಲ್ ನಂಬರು, ಮಾಲಿನ ನಂಬರು ಬೆರಳಿಟ್ಟು ಓದಿ. ಚಾಸಿಸ್ ನಂಬರಿನಲ್ಲಿ ಇಂಗ್ಲಿಷಿನ ‘ಬಿ’ ಇದ್ದಲ್ಲಿ 8 ಆಗಿದ್ದರೆ ಗೋವಾದಲ್ಲಿ ನಿಮ್ಮ ಬೈಕ್ ಸಿಕ್ಕರೂ ಹುಡುಕಾಟದಲ್ಲಿ ತಾಳೆ ಬೀಳದು. ಸಣ್ಣ ತಪ್ಪು ಆಮೇಲೆ ಕಂಡರೆ ಮರುಹೇಳಿಕೆ ಕೊಟ್ಟು ಸರಿಪಡಿಸಬಹುದು, ತಡ ಮಾಡಬಾರದು ಅಷ್ಟೆ.

ಇದು ನಮ್ಮ ಠಾಣೆಯ ವ್ಯಾಪ್ತಿಯಲ್ಲ ಎಂಬ ತಕರಾರು ಈಗ ನಿಲ್ಲುವುದಿಲ್ಲ. ಮಡಗಾಂವ್ ದಾಟಿದ ಮೇಲೆ ರೈಲಿನಲ್ಲಿ ಬ್ಯಾಗ್ ಹೋಯಿತು, ಗೊತ್ತಾದದ್ದು ಕಾರವಾರದಲ್ಲಿ ಇಳಿದಾಗ ಎಂದುಕೊಳ್ಳಿ. 1 ಜುಲೈ 2024ರಿಂದ ಜಾರಿಯಲ್ಲಿರುವ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಠಾಣೆ ಮಾಹಿತಿ ತೆಗೆದುಕೊಳ್ಳಬೇಕು. ಶೂನ್ಯ ಸಂಖ್ಯೆಯಲ್ಲಿ ಎಫ್‌ಐಆರ್ ಮಾಡಿ ಸಂಬಂಧಿಸಿದ ಠಾಣೆಗೆ ಕಳಿಸುತ್ತಾರೆ. ಅಲ್ಲಿ ಹೊಸ ನಂಬರು ಬೀಳುತ್ತದೆ. ಅದನ್ನು ಕೇಳಿ ಬರೆದಿಟ್ಟುಕೊಳ್ಳದಿದ್ದರೆ ಮುಂದಿನದು ಏನೂ ಸಿಗದು. ದೂರನ್ನು ಆನ್‌ಲೈನ್ ಕಳಿಸಿದ್ದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಬ್ಯಾಂಕ್ ಖಾತೆಯಿಂದ ವಂಚಕರು ದುಡ್ಡು ಎಳೆದಿದ್ದರೆ ಈ ಬರವಣಿಗೆಯೆಲ್ಲ ಆಮೇಲೆ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್, ಹಣ ಮುಂದಿನ ಖಾತೆಗೆ ಹಾರುವ ಮುಂಚೆ.

ಠಾಣೆಯಲ್ಲಿ ತೆಗೆದುಕೊಳ್ಳಲಿಲ್ಲವೋ? ಅದೇ ದೂರನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯ ಎಸ್‌ಪಿ (ಪೊಲೀಸ್ ವರಿಷ್ಠಾಧಿಕಾರಿ) ಕಚೇರಿಗೆ, ಕಾರವಾರಕ್ಕೆ, ಅಂಚೆಯಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಎಸ್‌ಪಿಯವರಿಗೆ ಕಳಿಸಿದ್ದರ ಪುರಾವೆ ಮತ್ತು ಅಫಿಡವಿಟ್ ಇಲ್ಲದೆ ಅದು ಮುಂದೆ ಹೋಗುವುದಿಲ್ಲ.

ತನಿಖೆ ಎಲ್ಲಿಗೆ ಬಂತೆಂಬುದನ್ನು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕೆಂದು ಸುರಕ್ಷಾ ಸಂಹಿತೆಯ ಕಲಂ 193(3) ಹೇಳುತ್ತದೆ. ಮೊಬೈಲಿಗೆ ಸಂದೇಶ ಕಳಿಸಿದರೂ ಲೆಕ್ಕಕ್ಕೆ ಬರುತ್ತದೆ. ನೀವು ಸಿಮ್ ಬದಲಿಸಿದ್ದರೆ ಅದು ಹಳೇ ನಂಬರಿಗೆ ಹೋಗಿರುತ್ತದೆ. ತನಿಖೆ ನಡೆಯುವಾಗ ಮಾಹಿತಿ ಹಕ್ಕಿನಲ್ಲಿ ಕೇಳುವುದರಿಂದ ಹೆಚ್ಚೇನೂ ಸಿಗುವುದಿಲ್ಲ, ಆ ಕಾಯ್ದೆಯ 8(1)(ಎಚ್) ತೋರಿಸಿ ತಿರಸ್ಕರಿಸುತ್ತಾರೆ. ಕಲಂ 193(3) ಹಾಕಿ ತನಿಖಾಧಿಕಾರಿಗೆ ಒಂದು ಪತ್ರ ಕೊಡುವುದು ಮೇಲು.

ಕೇಸ್ ಕೋರ್ಟಿಗೆ ಹೋಯಿತೇ ಎಂದು ಕೋರ್ಟುಗಳ ಜಾಲತಾಣವಾದ ಇ-ಕೋರ್ಟ್ಸ್‌ನಲ್ಲಿ ನೋಡುವಾಗ ಹೆಚ್ಚಿನವರು ತಮ್ಮ ಹೆಸರು ಹಾಕಿ ಹುಡುಕಿ, ಇಲ್ಲವೆಂದು ಕೈಬಿಡುತ್ತಾರೆ. ಪೊಲೀಸ್ ಕೇಸಿನಲ್ಲಿ ಫಿರ್ಯಾದಿ ಕಡೆಗೆ ಇರುವುದು ಸರ್ಕಾರ. ನಿಮ್ಮ ಹೆಸರು ಪಕ್ಷಕಾರರ ಪಟ್ಟಿಯಲ್ಲಿ ಇರುವುದೇ ಇಲ್ಲ. ಆರೋಪಿಯ ಹೆಸರಿನಲ್ಲಿ ಹುಡುಕಿದರೆ ನಮ್ಮ ಜಿಲ್ಲೆಯ ಇನ್ನೊಂದು ತೊಡಕು: ಹೆಗಡೆಯನ್ನು ಇಂಗ್ಲಿಷಿನಲ್ಲಿ ನಡುವೆ ‘ಎ’ ಇಟ್ಟೂ ಬರೆಯುತ್ತಾರೆ, ಬಿಟ್ಟೂ ಬರೆಯುತ್ತಾರೆ, ನಾಯ್ಕ, ಗೌಡರ ಕಥೆಯೂ ಅದೇ. ಎಫ್‌ಐಆರ್ ನಂಬರಿನ ಹುಡುಕಾಟ ಆರಿಸಿ, ಠಾಣೆ, ನಂಬರು, ವರ್ಷ ಹಾಕಿ. ಶಿರಸಿ ಗ್ರಾಮೀಣ ಬೇರೆ, ಹೊಸ ಮಾರುಕಟ್ಟೆ ಠಾಣೆ ಬೇರೆ. ತಪ್ಪು ಆರಿಸಿದರೆ ಖಾಲಿ ಪುಟ. ಬಾಕಿ ಮತ್ತು ಇತ್ಯರ್ಥ ಎರಡನ್ನೂ ನೋಡಿ. ಸಿಕ್ಕ ಕೂಡಲೇ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರು (ಕೋರ್ಟಿನಲ್ಲಿ ಆ ಕೇಸಿನ ಗುರುತಿನ ಸಂಖ್ಯೆ) ಬರೆದುಕೊಳ್ಳಿ, ಮುಂದಿನ ವಾಯಿದೆಗೆ ಅದೊಂದೇ ಸಾಕು.

ಕೋರ್ಟಿನಿಂದ ನೋಟಿಸ್ ಬಂದರೆ ‘ಬಿ’ ರಿಪೋರ್ಟೋ ‘ಸಿ’ ರಿಪೋರ್ಟೋ ನೋಡಿ. ‘ಸಿ’ ಎಂದರೆ ಕಳ್ಳರು ಪತ್ತೆಯಾಗಿಲ್ಲ. ಮುಂದೆ ಸುಳಿವು ಸಿಕ್ಕರೆ ಮತ್ತೆ ತೆರೆಯಬಹುದು. ‘ಬಿ’ ಎಂದರೆ ಪ್ರಕರಣವೇ ಇಲ್ಲವೆಂಬ ವರದಿ, ಒಪ್ಪಿಗೆಯಿಲ್ಲದಿದ್ದರೆ ನೋಟಿಸಿನಲ್ಲಿ ಕೊಟ್ಟ ದಿನದಂದೇ ಹಾಜರಾಗಿ ತಕರಾರು ಸಲ್ಲಿಸಬೇಕು.

ಮಾಲು ಸಿಕ್ಕಿದೆ ಎಂದು ಫೋನ್ ಬಂದರೆ ಠಾಣೆಯ ಆವರಣದಲ್ಲಿ ಮಳೆಗೆ ನೆನೆಯಲು ಬಿಡಬೇಡಿ, ಅಡಿಕೆಯಾದರಂತೂ ಮುಗ್ಗಲು ಹಿಡಿಯುತ್ತದೆ. ಮುದ್ದೆಮಾಲು (ಪೊಲೀಸರು ಜಪ್ತಿ ಮಾಡಿದ ಮಾಲು) ಬಿಡಿಸಿಕೊಳ್ಳಲು ಸುರಕ್ಷಾ ಸಂಹಿತೆಯ ಕಲಂ 497ರಲ್ಲಿ ಕೋರ್ಟಿಗೆ ಅರ್ಜಿ ಹಾಕಿ. ಆರ್‌ಸಿ ಅಥವಾ ಬಿಲ್ಲು, ಎಫ್‌ಐಆರ್ ಪ್ರತಿ, ಗುರುತಿನ ಚೀಟಿ ಜೊತೆಗಿರಲಿ. 14 ದಿನದಲ್ಲಿ ಮಾಲಿನ ವಿವರ, ಫೋಟೋ ಅಥವಾ ವಿಡಿಯೋ ದಾಖಲಾಗಿ, ನಂತರ 30 ದಿನದಲ್ಲಿ ಆದೇಶವಾಗಬೇಕು. ಮುಚ್ಚಳಿಕೆ ಬರೆದುಕೊಟ್ಟ ಮೇಲೆ, ಒಯ್ಯುವ ಮುಂಚೆ ಚೀಲಗಳನ್ನು ತೂಕ ಹಾಕಿಸಿ ಅಂಕಿ ಬರೆಸಿಕೊಳ್ಳಿ.