ಕರ್ನಲ್ ನೆಟ್‌ವರ್ಕ್ ಕೋಡಲ್ಲಿ 6 ಕಂಡ ತಕ್ಷಣ ಬದಲಾಯಿಸ್ಬೇಡಿ

ಲಿನಕ್ಸ್ ಕರ್ನಲ್‌ಗೆ ಹೊಸದಾಗಿ ಪ್ಯಾಚ್ (ಕೋಡ್ ಬದಲಾವಣೆ) ಕಳಿಸೋರಲ್ಲಿ ಸುಮಾರು ಜನ, ನೆಟ್‌ವರ್ಕ್ ಡ್ರೈವರಲ್ಲಿ ಹಂಗೇ ಬರೆದಿಟ್ಟಿರೋ 6, 14, 1500 ಥರದ ನಂಬರ್ ತೆಗೆದು ಹೆಸರು ಹಾಕೋ ಕೆಲ್ಸ ಹಿಡೀತಾರೆ. ಒಳ್ಳೇ ಕೆಲ್ಸಾನೇ, ಆದ್ರೆ ಪದ ಹುಡುಕಿ ಬದಲಾಯಿಸೋ ಸೆಡ್ ಕಮಾಂಡ್ ಓಡ್ಸಿ ಎಲ್ಲಾ 6ನ್ನೂ ಒಂದೇ ಏಟಿಗೆ ಬದಲಾಯಿಸಿ ಕೆಡಿಸೋದನ್ನ ನೋಡಿ ನೋಡಿ ಇದನ್ನ ಬರೀತಿದೀನಿ.

ಮೊದ್ಲು ನೆಟ್-ನೆಕ್ಸ್ಟ್ ಟ್ರೀ (ನೆಟ್‌ವರ್ಕ್ ಭಾಗದ ಹೊಸ ಕೆಲ್ಸ ಸೇರೋ ಗಿಟ್ ರೆಪೊ) ಕ್ಲೋನ್ ಮಾಡಿ, ಒಂದೇ ಒಂದು ಫೈಲ್ ಆರಿಸ್ಕೊಳ್ಳಿ, ಗಿಟ್ ಗ್ರೆಪ್ಪಲ್ಲಿ ನಂಬರ್ ಹುಡುಕಿ.

ಆಮೇಲೆ ಒಂದೊಂದು ನಂಬರೂ ಅಲ್ಲಿ ಏನ್ ಮಾಡ್ತಿದೆ ಅಂತ ಕೂತು ಓದಿ. ಮ್ಯಾಕ್ ಅಡ್ರೆಸ್ ಕಾಪಿ ಆಗ್ತಿದ್ರೆ ಆ 6 ಅಂದ್ರೆ ಇಟಿಹೆಚ್_ಎಲೆನ್ (ಮ್ಯಾಕ್ ಅಡ್ರೆಸ್ ಎಷ್ಟು ಬೈಟ್ ಅನ್ನೋದರ ಹೆಸರು), ಐಪಿ ಹೆಡರಿನ ಪ್ರೋಟೋಕಾಲ್ ಫೀಲ್ಡ್ ಜೊತೆ ಹೋಲಿಸ್ತಿದ್ರೆ ಅದೇ 6 ಐಪಿಪ್ರೋಟೋ_ಟಿಸಿಪಿ (ಟಿಸಿಪಿಯ ನಂಬರ್), ಇನ್ನೊಂದ್ ಕಡೆ ಬರೀ ರಿಜಿಸ್ಟರ್ ಶಿಫ್ಟ್ (ಹಾರ್ಡ್‌ವೇರ್ ಬೆಲೆಯ ಬಿಟ್‌ಗಳನ್ನ ಎಷ್ಟು ಸರಿಸ್ಬೇಕು ಅನ್ನೋದು) ಇರ್ಬೋದು. ತಪ್ಪು ಹೆಸರು ಹಾಕಿದ್ರೂ ಕಂಪೈಲ್ ಆಗತ್ತೆ, ಪ್ಯಾಕೆಟ್ಟೂ ಹೋಗತ್ತೆ, ಆದ್ರೆ ಮುಂದೆ ಓದೋರಿಗೆ ಸುಳ್ಳು ಹೇಳಿದಂಗಾಯ್ತು, ಅದಕ್ಕಿಂತ ಬರೀ 6 ಇದ್ದಿದ್ರೇ ವಾಸಿ. 4 ಇನ್ನೂ ಕಷ್ಟ: ಒಂದೇ ತಂತಿಯ ಮೇಲೆ ಬೇರೆ ಬೇರೆ ನೆಟ್‌ವರ್ಕ್ ಗುರುತಿಸೋ ವಿಲ್ಯಾನ್ ಟ್ಯಾಗೂ 4 ಬೈಟು, ಫ್ರೇಮಿನ ಕೊನೇಲಿ ತಪ್ಪು ಪತ್ತೆ ಮಾಡೋಕೆ ಬರೋ ಎಫ್‌ಸಿಎಸ್ಸೂ 4, ಐಪಿವಿ4 ಅಡ್ರೆಸ್ಸೂ 4. 1500 ಕಂಡ್ರೆ ಫ್ರೇಮಲ್ಲಿ ಹಿಡಿಯೋ ಡೇಟಾ ಅಂತ ಅನ್ಸತ್ತೆ, ಆದ್ರೆ ಕೆಲವು ಸಲ ಅದು ಮಿಲಿಸೆಕೆಂಡ್ ಟೈಮೌಟೂ ಆಗಿರ್ಬೋದು. 1518 ಕಂಡ್ರೆ ಹೊಸ ಡಿಫೈನ್ (ನಂಬರಿಗೆ ಇಡೋ ಹೆಸರು) ಹುಟ್ಟಿಸ್ಬೇಡಿ, ಅದು ಎಫ್‌ಸಿಎಸ್ ಸೇರಿದ ಫ್ರೇಮ್ ಉದ್ದ ಆಗಿದ್ರೆ 1514ಕ್ಕೆ ಇಟಿಹೆಚ್_ಫ್ರೇಮ್_ಲೆನ್ ಇದೆ, ಅದಕ್ಕೆ ಇಟಿಹೆಚ್_ಎಫ್‌ಸಿಎಸ್_ಲೆನ್ ಕೂಡಿಸಿ ಬರೀರಿ. ಸಿಕ್ಸ್ ಅಂತ ಡಿಫೈನ್ ಮಾಡಿ ಅದಕ್ಕೆ 6 ಕೊಡೋದಂತೂ ಬೇಡ್ವೇ ಬೇಡ.

ಎಥರ್‌ಟೈಪ್ (ಫ್ರೇಮಿನೊಳಗೆ ಯಾವ ಪ್ರೋಟೋಕಾಲ್ ಇದೆ ಅನ್ನೋ ನಂಬರ್) ಮುಟ್ಟೋವಾಗ ಬೈಟ್ ಆರ್ಡರ್, ಅಂದ್ರೆ ಬೈಟ್‌ಗಳು ಯಾವ ಕ್ರಮದಲ್ಲಿವೆ ಅಂತ, ನೋಡಿ. ಐಪಿವಿ4ದು ಹೆಕ್ಸಲ್ಲಿ 0800, ಆದ್ರೆ ಎಸ್‌ಕೆಬಿಯ (ಕರ್ನಲ್ ಒಳಗೆ ಪ್ಯಾಕೆಟ್ ಹಿಡಿದಿಡೋ ಸ್ಟ್ರಕ್ಚರ್) ಪ್ರೋಟೋಕಾಲ್ ಫೀಲ್ಡ್ ನೆಟ್‌ವರ್ಕ್ ಆರ್ಡರಲ್ಲಿರತ್ತೆ, ಹಾಗಾಗಿ ಆ ನಂಬರಿನ ಹೆಸರಾದ ಇಟಿಹೆಚ್_ಪಿ_ಐಪಿಯನ್ನ, ನೆಟ್‌ವರ್ಕ್ ಆರ್ಡರಿಗೆ ತಿರುಗಿಸೋ ಎಚ್‌ಟಿಒಎನ್‌ಎಸ್ ಒಳಗಿಟ್ಟು ಹೋಲಿಸ್ಬೇಕು. ಕರ್ನಲ್ ಕೋಡ್ ಪರೀಕ್ಷಿಸೋ ಸ್ಪಾರ್ಸ್ ಟೂಲ್ ಓಡಿಸಿದ್ರೆ ಇಲ್ಲಿನ ತಪ್ಪು ಸಿಗತ್ತೆ, ಬಿಡಬೇಡಿ.

ಹೆಂಗೂ ಕೈ ಹಾಕಿದೀವಿ ಅಂತ ಬೈಟ್ ಕಾಪಿ ಮಾಡೋ ಮೆಮ್‌ಸಿಪಿವೈ ತೆಗೆದು ಮ್ಯಾಕ್ ಅಡ್ರೆಸ್‌ಗಂತಲೇ ಇರೋ ಈಥರ್_ಆಡ್ರ್_ಕಾಪಿ ಹಾಕೋಕೆ ಹೋಗ್ಬೇಡಿ, ಅದಕ್ಕೆ ಎರಡೂ ಅಡ್ರೆಸ್ ಮೆಮೊರಿಯಲ್ಲಿ 2 ಬೈಟಿಗೆ ಅಲೈನ್ ಆಗಿರ್ಬೇಕು, ಅದು ಬೇರೇನೇ ಕೆಲ್ಸ.

ಮುಗಿದ್ಮೇಲೆ ಹಳೇ ಆಬ್ಜೆಕ್ಟ್ ಫೈಲ್, ಹೊಸದು ಎರಡನ್ನೂ ಮಷೀನ್ ಕೋಡ್ ತೋರ್ಸೋ ಆಬ್ಜ್‌ಡಂಪಲ್ಲಿ ಬಿಚ್ಚಿ ಡಿಫ್ ನೋಡಿ. ನಂಬರ್ ಜಾಗಕ್ಕೆ ಅದೇ ಬೆಲೆಯ ಹೆಸರು ಬಂದಿದೆ ಅಷ್ಟೇ ಅಂದ್ಮೇಲೆ ಇನ್‌ಸ್ಟ್ರಕ್ಷನ್ ಒಂದೂ ಬದಲಾಗ್ಬಾರ್ದು. ಆಮೇಲೆ ಪ್ಯಾಚಿನ ಶೈಲಿ ನೋಡೋ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಓಡ್ಸಿ.

ಕಳಿಸೋಕೆ ಮುಂಚೆ ಒಂದು ಮಾತು, ನೆಟ್‌ಡೆವ್ (ಕರ್ನಲ್ ನೆಟ್‌ವರ್ಕ್ ಭಾಗದ) ಮೇಂಟೇನರ್‌ಗಳು ಬರೀ ಕ್ಲೀನಪ್ ಪ್ಯಾಚ್ ಬೇಡ ಅಂತ ತಮ್ಮ ಡಾಕ್ಯುಮೆಂಟಲ್ಲೇ ಬರೆದಿದಾರೆ. ಆ ಡ್ರೈವರಲ್ಲಿ ಬಗ್ಗೋ ಫೀಚರೋ ನಿಜವಾದ ಕೆಲ್ಸ ಮಾಡ್ತಿರೋವಾಗ, ಅದೇ ಸೀರೀಸಲ್ಲಿ ಬೇರೆ ಪ್ಯಾಚಾಗಿ ಇದನ್ನ ಸೇರಿಸಿ. ಮುಂದಿನ ಕರ್ನಲ್‌ಗೆ ಹೊಸ ಕೋಡ್ ಸೇರಿಸ್ಕೊಳ್ಳೋ ಮರ್ಜ್ ವಿಂಡೋ ನಡೀತಿದ್ರೆ ನೆಟ್-ನೆಕ್ಸ್ಟ್ ಮುಚ್ಚಿರತ್ತೆ, ತೆಗೆಯೋವರೆಗೂ ಕಾಯಿರಿ.